ಚಿನ್ನದ ಗೊಂಚಲಿನಲ್ಲಿ ಚಿನ್ನ ಎಷ್ಟು?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಅಂತ ಇಟ್ಟುಕೊಂಡರೆ, ಚಿನ್ನದ ಒಂದು ಪರಮಾಣುವಿನ ತೂಕ ಸುಮಾರು 197. ಅಂಥ 25 ಪರಮಾಣುಗಳ ತೂಕ 4,924. ಇವುಗಳ ಸುತ್ತ ಗ್ಲುಟಥಯೋನ್ ಎಂಬ 18 ಅಣುಗಳು ಅಂಟಿಕೊಂಡಿವೆ. ಒಂದೊಂದರ ತೂಕ 306ರಷ್ಟು, ಎಲ್ಲ ಸೇರಿ 5,500 ದಾಟುತ್ತದೆ. 'ಚಿನ್ನದ ನ್ಯಾನೋಕ್ಲಸ್ಟರ್', ಅಂದರೆ ಚಿನ್ನದ ಪುಟ್ಟ ಗೊಂಚಲು, ಅಂತ ಕರೆಯುವ ಈ ವಸ್ತುವನ್ನು ತಕ್ಕಡಿಗೆ ಹಾಕಿದರೆ ಅದರಲ್ಲಿ ಚಿನ್ನ ಅರ್ಧಕ್ಕಿಂತ ಕಡಿಮೆ!

ಸುತ್ತ ಅಂಟಿಕೊಂಡ ಈ ಅಣುಗಳನ್ನು ಲಿಗ್ಯಾಂಡ್ ಅನ್ನುತ್ತಾರೆ. ಜನಪ್ರಿಯ ಬರಹಗಳಲ್ಲಿ ಇವುಗಳಿಗೆ ಸಿಗುವ ಜಾಗ ಒಂದೇ ಸಾಲು: 'ಚಿನ್ನದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಮೇಲೊಂದು ಹೊದಿಕೆ ಇರುತ್ತದೆ.' ನನಗೆ ಈ 'ಹೊದಿಕೆ' ಅನ್ನುವ ಮಾತಿನ ಮೇಲೇ ತಕರಾರು. ಹೊದಿಕೆ ತೆಗೆದರೂ ಒಳಗಿನ ಆಸಾಮಿ ಹಾಗೇ ಇರುತ್ತಾನೆ. ಇಲ್ಲಿ ಹಾಗಲ್ಲ. ಗೊಂಚಲಿನಲ್ಲಿ ಎಷ್ಟು ಪರಮಾಣು ಇರಬೇಕು, ಯಾವ ಆಕಾರ ಬರಬೇಕು, ಎಷ್ಟು ದಿನ ಬಾಳಬೇಕು, ಬೆಳಕು ಬೀರಬೇಕೋ ಬೇಡವೋ, ಇದರಲ್ಲೆಲ್ಲ ಲಿಗ್ಯಾಂಡಿನ ಕೈ ಇದೆ.

ಮೊದಲು ಗಾತ್ರದ ಮಾತು. 1857ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಅತಿ ಸಣ್ಣ ಕಣಗಳಿದ್ದ ಕೆಂಪು ದ್ರಾವಣದ ಬಗ್ಗೆ ಬರೆದರು. ಆ ಕೆಂಪು ಬರುವುದು ಕಣದೊಳಗಿನ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಒಟ್ಟಾಗಿ ಓಲಾಡುವುದರಿಂದ. ಹತ್ತಿಪ್ಪತ್ತು ನ್ಯಾನೋಮೀಟರ್ ಕಣಗಳು ಇದನ್ನು ಚೆನ್ನಾಗಿ ಮಾಡುತ್ತವೆ. ಗಾತ್ರ 2 ನ್ಯಾನೋಮೀಟರಿಗಿಂತ ಕೆಳಗೆ ಇಳಿಯಿತೋ, ಈ ಓಲಾಟ ನಿಂತುಹೋಗುತ್ತದೆ. ಎಲೆಕ್ಟ್ರಾನುಗಳಿಗೆ ಬಿಡಿಬಿಡಿ ಮೆಟ್ಟಿಲುಗಳು ಮಾತ್ರ ಉಳಿಯುತ್ತವೆ. ಅಲ್ಲಿಂದ ಮುಂದೆ ಅದು ಲೋಹದ ಚೂರಿನಂತೆ ನಡೆದುಕೊಳ್ಳುವುದಿಲ್ಲ, ಒಂದು ಅಣುವಿನಂತೆ ನಡೆದುಕೊಳ್ಳುತ್ತದೆ. ಅದಕ್ಕೇ ಒಂದೊಂದು ಪರಮಾಣುವಿಗೂ ಲೆಕ್ಕ ಇಡಬೇಕು. 24 ಬೇರೆ, 25 ಬೇರೆ.

ಲಿಗ್ಯಾಂಡನ್ನು ಲೆಕ್ಕಕ್ಕೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈ ಕ್ಷೇತ್ರದಲ್ಲೇ ಒಂದು ಸ್ವಾರಸ್ಯದ ಕಥೆ ಇದೆ. 1998ರಲ್ಲಿ ರಾಬರ್ಟ್ ವೆಟನ್ ಅವರ ತಂಡ ಗ್ಲುಟಥಯೋನ್ ಸುತ್ತಿದ ಒಂದು ಗೊಂಚಲನ್ನು ಬೇರ್ಪಡಿಸಿ ತೂಗಿತು. 28 ಚಿನ್ನ, 16 ಲಿಗ್ಯಾಂಡ್ ಎಂಬ ತೀರ್ಮಾನಕ್ಕೆ ಬಂತು. 2005ರಲ್ಲಿ ಜಪಾನಿನ ನೆಗಿಶಿ, ತ್ಸುಕುಡಾ ಮತ್ತು ಜೊತೆಗಾರರು ಇನ್ನೂ ನಾಜೂಕಾಗಿ ತೂಗಿ, ಅದು 25 ಚಿನ್ನ, 18 ಲಿಗ್ಯಾಂಡ್ ಅಂದರು. ಇಷ್ಟು ದೊಡ್ಡ ವ್ಯತ್ಯಾಸ ಹೇಗಾಯಿತು? ಕೂಡಿ ನೋಡಿ. ಮೂರು ಚಿನ್ನದ ಪರಮಾಣುಗಳ ತೂಕ 591. ಎರಡು ಗ್ಲುಟಥಯೋನಿನ ತೂಕ 613. ಹತ್ತು ಸಾವಿರ ದಾಟುವ ತೂಕದಲ್ಲಿ ಈ ಎರಡು ಉತ್ತರಗಳ ನಡುವೆ ಇರುವುದು ಬರೀ 22ರ ಅಂತರ. ಲಿಗ್ಯಾಂಡುಗಳು ಚಿನ್ನದ ವೇಷ ಹಾಕಿ ಕೂತಿದ್ದವು ಅನ್ನಬಹುದು.

ಇಷ್ಟಾದರೂ ಒಳಗಿನ ರಚನೆ ಹೇಗಿದೆ ಎಂದು ಯಾರೂ ಕಂಡಿರಲಿಲ್ಲ. ಮಧ್ಯೆ ಚಿನ್ನದ ಗುಂಡು, ಅದರ ಮೇಲೆ ಹುಲ್ಲಿನಂತೆ ನಿಂತ ಲಿಗ್ಯಾಂಡುಗಳು, ಇದು ಎಲ್ಲರ ತಲೆಯಲ್ಲಿದ್ದ ಚಿತ್ರ. 2007ರಲ್ಲಿ ರೋಜರ್ ಕಾರ್ನ್‌ಬರ್ಗ್ ಅವರ ತಂಡ 102 ಚಿನ್ನ ಮತ್ತು 44 ಥಯೋಲೇಟ್ ಇರುವ ಗೊಂಚಲಿನ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಪರಮಾಣು ಪರಮಾಣುವನ್ನೂ ಬಿಡಿಸಿ ತೋರಿಸಿತು. (ಥಯೋಲೇಟ್ ಅಂದರೆ ಗಂಧಕದ ತುದಿಯಿಂದ ಚಿನ್ನವನ್ನು ಹಿಡಿಯುವ ಲಿಗ್ಯಾಂಡ್. ಗ್ಲುಟಥಯೋನ್ ಕೂಡ ಹಿಡಿಯುವುದು ಗಂಧಕದಿಂದಲೇ.) ಹುಲ್ಲಿನ ಚಿತ್ರ ಅಲ್ಲಿಗೆ ಬಿತ್ತು.

ಗಂಧಕ ಸುಮ್ನೆ ಮೇಲೆ ಕೂತಿರಲಿಲ್ಲ. ಚಿನ್ನದ ಪರಮಾಣುಗಳನ್ನು ಗುಂಡಿನಿಂದ ಕಿತ್ತು ಹೊರಗೆ ಎಳೆದಿತ್ತು. ಎರಡು ಗಂಧಕ, ನಡುವೆ ಒಂದು ಚಿನ್ನ. ಇಂಥ ತುಂಡುಗಳು ಕಾಗದಕ್ಕೆ ಹೊಡೆದ ಸ್ಟೇಪಲ್ ಪಿನ್ನಿನಂತೆ ಬಾಗಿ, ಎರಡು ಕಾಲನ್ನೂ ಒಳಗಿನ ಚಿನ್ನಕ್ಕೆ ಊರಿ ನಿಂತಿದ್ದವು. ಹೆಸರೂ ಅದೇ ಬಂತು, 'ಸ್ಟೇಪಲ್'. 102ರಲ್ಲಿ 23 ಪರಮಾಣು ಹೀಗೆ ಪಿನ್ನಿನೊಳಗೆ ಸೇರಿಹೋಗಿದ್ದವು. ಒಳಗೆ ಉಳಿದದ್ದು 79.

ಮರುವರ್ಷ 25ರ ಗೊಂಚಲಿನ ಹರಳನ್ನೂ ಎರಡು ತಂಡಗಳು ಬಿಡಿಸಿದವು. ಅಲ್ಲಿ ಇನ್ನೂ ಸೋಜಿಗ. ನಟ್ಟನಡುವೆ ಒಂದು ಚಿನ್ನ. ಅದರ ಸುತ್ತ 12, ಇಪ್ಪತ್ತು ಮುಖದ ಗೂಡಿನಂತೆ. ಉಳಿದ 12 ಪರಮಾಣುಗಳು ಆರು ಉದ್ದನೆಯ ಪಿನ್ನುಗಳಲ್ಲಿ ಹಂಚಿಹೋಗಿವೆ, ಒಂದೊಂದರಲ್ಲಿ ಎರಡು ಚಿನ್ನ, ಮೂರು ಗಂಧಕ. ಸುಮಾರು ಅರ್ಧ ಚಿನ್ನ 'ಹೊದಿಕೆ'ಯಲ್ಲೇ ಇದೆ! ಒಳಗಿನದು ಎಲ್ಲಿ ಮುಗಿಯಿತು, ಹೊರಗಿನದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ, ಅಲ್ವಾ?

ಇಷ್ಟೊಂದು ಸಂಖ್ಯೆಗಳಿರುವಾಗ 25 ಮತ್ತು 102 ಯಾಕೆ ಪದೇ ಪದೇ ಬರುತ್ತವೆ? 2008ರಲ್ಲಿ ಹ್ಯಾಕಿನೆನ್ ಮತ್ತು ಸಂಗಡಿಗರು ಇದಕ್ಕೆ ಬೆರಳೆಣಿಕೆಯಷ್ಟು ಸುಲಭದ ಒಂದು ಲೆಕ್ಕ ಕೊಟ್ಟರು. ಒಂದೊಂದು ಚಿನ್ನವೂ ಒಂದೊಂದು ಎಲೆಕ್ಟ್ರಾನನ್ನು ಸಾಮಾನ್ಯ ಗಂಟಿಗೆ ಹಾಕುತ್ತದೆ. ಒಂದೊಂದು ಥಯೋಲೇಟ್ ಆ ಗಂಟಿನಿಂದ ಒಂದನ್ನು ತೆಗೆದುಕೊಳ್ಳುತ್ತದೆ. 102ರಲ್ಲಿ 44 ಕಳೆದರೆ 58. 25ರಲ್ಲಿ 18 ಕಳೆದು, ಆ ಗೊಂಚಲಿನ ಮೇಲಿರುವ ಒಂದು ಋಣ ವಿದ್ಯುದಂಶ ಕೂಡಿಸಿದರೆ 8. ಗುಂಡಗಿನ ಗೊಂಚಲಿನಲ್ಲಿ ಎಲೆಕ್ಟ್ರಾನ್ ಮನೆಗಳು ಪೂರ್ತಿ ತುಂಬುವುದು 2, 8, 34, 58ರಂಥ ಸಂಖ್ಯೆಗಳಲ್ಲಿ. ಮನೆ ತುಂಬಿದ್ದರೆ ಗೊಂಚಲು ಗಟ್ಟಿ.

ಚೆಂದದ ಲೆಕ್ಕ. ಆದರೆ ಇದನ್ನೇ ಕೊನೆಯ ಮಾತು ಅಂತ ಹಿಡಿದುಕೊಂಡವರು ಎಡವುತ್ತಾರೆ. 38 ಚಿನ್ನ, 24 ಥಯೋಲೇಟ್ ಇರುವ ಗೊಂಚಲನ್ನು ನೋಡಿ. ಕಳೆದರೆ 14 ಬರುತ್ತದೆ, ತುಂಬಿದ ಮನೆಯ ಸಂಖ್ಯೆ ಅಲ್ಲ. ಆದರೂ ಅದು ಚೆನ್ನಾಗಿ ಬಾಳುತ್ತದೆ. ಅದರೊಳಗೆ ಎರಡು ಗೂಡುಗಳು ಒಂದಕ್ಕೊಂದು ಸೇರಿಕೊಂಡಿವೆ, ಹಾಗಾಗಿ ಒಂದೇ ಗುಂಡಿನ ಲೆಕ್ಕ ಅದಕ್ಕೆ ಒಗ್ಗುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ಅದೇ 25 ಚಿನ್ನ. ಲಿಗ್ಯಾಂಡ್ ಮಾತ್ರ ಬೇರೆ: 10 ಫಾಸ್ಫೀನ್, 5 ಥಯೋಲೇಟ್, 2 ಕ್ಲೋರೈಡ್. ಫಾಸ್ಫೀನ್ ಹಿಡಿಯುವುದು ರಂಜಕದ ತುದಿಯಿಂದ. ಅದು ತನ್ನ ಎಲೆಕ್ಟ್ರಾನ್ ಜೋಡಿಯನ್ನು ಚಿನ್ನದ ಕಡೆ ಚಾಚಿ ಮೇಲೆ ಕೂರುತ್ತದೆ, ಪರಮಾಣುವನ್ನು ಕಿತ್ತು ಎಳೆಯುವುದಿಲ್ಲ. ಪಿನ್ನುಗಳೇ ಇಲ್ಲದ ಮೇಲೆ ಆಕಾರ ಪೂರ್ತಿ ಬದಲು. 13ರ ಎರಡು ಗೂಡುಗಳು ಒಂದು ತುದಿಯ ಪರಮಾಣುವನ್ನು ಹಂಚಿಕೊಂಡು ಕೋಲಿನಂತೆ ನಿಲ್ಲುತ್ತವೆ. 13 ಮತ್ತು 13, ಹಂಚಿಕೊಂಡ ಒಂದನ್ನು ಕಳೆದರೆ 25. 25ರಲ್ಲಿ ಥಯೋಲೇಟಿನ 5, ಕ್ಲೋರೈಡಿನ 2, ಗೊಂಚಲಿನ ಮೇಲಿರುವ ಎರಡು ಧನ ವಿದ್ಯುದಂಶ ಕಳೆದರೆ ಎಲೆಕ್ಟ್ರಾನ್ 16, ಅಂದರೆ ಎರಡು 8. ಚಿನ್ನದ ಎಣಿಕೆ ಒಂದೇ ಇದ್ದರೂ ಇವೆರಡೂ ಬೇರೆ ಬೇರೆ ವಸ್ತು. ಬಣ್ಣವೂ ಬೇರೆ, ಗುಣವೂ ಬೇರೆ.

ಈಗ ಬೀಕರಿನ ಹತ್ತಿರ ಹೋಗೋಣ. 1994ರಲ್ಲಿ ಬ್ರಸ್ಟ್, ಶಿಫ್ರಿನ್ ಮತ್ತು ಜೊತೆಗಾರರು ಕೊಟ್ಟ ವಿಧಾನವೇ ಇವತ್ತಿನ ಬಹುಪಾಲು ತಯಾರಿಕೆಗೆ ತಾಯಿಬೇರು. ಚಿನ್ನದ ಉಪ್ಪಿನ ದ್ರಾವಣಕ್ಕೆ ಥಯಾಲ್ ಹಾಕುತ್ತಾರೆ. (ಥಯೋಲೇಟ್ ಚಿನ್ನಕ್ಕೆ ಅಂಟುವ ಮುಂಚೆ ಇರುವ ರೂಪವೇ ಥಯಾಲ್.) ಹಳದಿ ಬಣ್ಣ ಮೆಲ್ಲಗೆ ಕಳೆದು ಹೋಗುತ್ತದೆ. ಆಮೇಲೆ ಚಿನ್ನಕ್ಕೆ ಎಲೆಕ್ಟ್ರಾನ್ ಕೊಡುವ ಸೋಡಿಯಂ ಬೊರೋಹೈಡ್ರೈಡ್ ಸುರಿದರೆ ಕ್ಷಣದಲ್ಲಿ ಕಪ್ಪು. ನೋಡುವವರ ಕಣ್ಣು ಹೋಗುವುದು ಈ ಕಪ್ಪಾಗುವ ಗಳಿಗೆಯ ಕಡೆಗೆ. ಗೊಂಚಲಿನ ಹಣೆಬರಹ ಬರೆಯುವುದು ಮಾತ್ರ ಅದಕ್ಕೆ ಮುಂಚೆ, ಹಳದಿ ಕಳೆಯುವ ಹೊತ್ತಿನಲ್ಲಿ. ಆಗ ಥಯಾಲ್ ಚಿನ್ನಕ್ಕೆ ಎರಡು ಎಲೆಕ್ಟ್ರಾನ್ ಕೊಟ್ಟು, ಮೂರರ ಧನ ಸ್ಥಿತಿಯಿಂದ ಒಂದಕ್ಕೆ ಇಳಿಸಿ, ಗಂಧಕ-ಚಿನ್ನ-ಗಂಧಕ ಎಂಬ ಸರಪಳಿ ಕಟ್ಟುತ್ತದೆ. ಈ ಸರಪಳಿಗಳು ಯಾವ ಗಾತ್ರದ ಗಂಟುಗಳಾಗುತ್ತವೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ. 2008ರಲ್ಲಿ ರೊಂಗ್‌ಚಾವ್ ಜಿನ್ ತಂಡ ಇದನ್ನು ಹಿಡಿಯಿತು. ದ್ರಾವಣವನ್ನು ಸೊನ್ನೆ ಡಿಗ್ರಿಗೆ ಇಳಿಸಿ, ಬಹಳ ನಿಧಾನವಾಗಿ ಕಲಕಿದರೆ 25ರ ಗೊಂಚಲು ಹೆಚ್ಚು ಪಾಲು ಸಿಗುತ್ತದೆ. ಕಲಕುವ ವೇಗ! ಅಡುಗೆಮನೆಯ ಗುಟ್ಟಿನಂತೆ ಕೇಳಿಸುತ್ತದೆ, ನಿಜ. ತಯಾರಿಕೆಯ ವಿವರಗಳಲ್ಲಿ ಈ ಬಗೆಯ ಸಂಗತಿ ಬಿಟ್ಟುಹೋದರೆ ಇನ್ನೊಂದು ಪ್ರಯೋಗಾಲಯದಲ್ಲಿ ಅದೇ ಗೊಂಚಲು ಸಿಗದೇ ಹೋಗಬಹುದು.

ಬೊರೋಹೈಡ್ರೈಡ್ ತುಂಬಾ ಅವಸರದ ಆಳು. ಅದರ ಬದಲು ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಹಾಯಿಸಿದರೆ ಕೆಲಸ ನಿಧಾನವಾಗುತ್ತದೆ. ಆಗ ಪಿಎಚ್ ಮಟ್ಟ ಬದಲಿಸುತ್ತಾ ಹೋದರೆ 15, 18, 25 ಎಂದು ಬೇಕಾದ ಗೊಂಚಲಿನಲ್ಲಿ ನಿಲ್ಲಿಸಲು ಆಗುತ್ತದೆ ಎಂದು ಸಿಂಗಪುರದ ಜಿಯಾನ್‌ಪಿಂಗ್ ಶಿಯೆ ತಂಡ ತೋರಿಸಿತು.

ಮೊದಲ ಸುತ್ತಿನಲ್ಲಿ ಒಂದೇ ಗಾತ್ರ ಸಿಗದಿದ್ದರೂ ಕೈ ಚೆಲ್ಲಬೇಕಿಲ್ಲ. ಬೆರಕೆಗೆ ಇನ್ನಷ್ಟು ಥಯಾಲ್ ಹಾಕಿ ಬಿಸಿ ಮಾಡುತ್ತಾರೆ. ಬಡಕಲು ಗೊಂಚಲುಗಳು ಕರಗುತ್ತವೆ ಇಲ್ಲವೇ ಸವೆದು ಬೇರೆ ಗಾತ್ರಕ್ಕೆ ಬರುತ್ತವೆ, ಗಟ್ಟಿ ಇದ್ದದ್ದು ಉಳಿಯುತ್ತದೆ. ಗ್ಲುಟಥಯೋನ್ ಗೊಂಚಲುಗಳನ್ನು 55 ಡಿಗ್ರಿಯಲ್ಲಿ ಹೆಚ್ಚುವರಿ ಗ್ಲುಟಥಯೋನ್ ಜೊತೆ ಇಟ್ಟಾಗ 25ಕ್ಕಿಂತ ಚಿಕ್ಕವು ಚಿನ್ನ-ಥಯೋಲೇಟ್ ಚೂರುಗಳಾದವು, ದೊಡ್ಡವು ಸವೆದು 25ಕ್ಕೆ ಬಂದು ನಿಂತವು. ಕಟ್ಟಿದ್ದೂ ಲಿಗ್ಯಾಂಡೇ, ಕೊರೆದದ್ದೂ ಲಿಗ್ಯಾಂಡೇ.

ಲಿಗ್ಯಾಂಡಿನ ಮೈಕಟ್ಟು ಎಷ್ಟು ಮುಖ್ಯ ಅನ್ನುವುದಕ್ಕೆ ಮೀಥೈಲ್‌ಬೆಂಜೀನ್ ಥಯಾಲಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಬೆಂಜೀನ್ ಉಂಗುರ, ಒಂದು ಕಡೆ ಗಂಧಕ, ಇನ್ನೊಂದು ಕಡೆ ಒಂದು ಪುಟ್ಟ ಮೀಥೈಲ್ ಗುಂಪು. ಮೀಥೈಲ್ ಗಂಧಕದ ಎದುರು ತುದಿಯಲ್ಲಿದ್ದರೆ 130 ಚಿನ್ನದ ಗೊಂಚಲು ಬರುತ್ತದೆ. ಒಂದು ಮನೆ ಹತ್ತಿರ ಸರಿದರೆ 104. ಗಂಧಕದ ಪಕ್ಕಕ್ಕೇ ಬಂದರೆ ಬರೀ 40. ಅಣುವಿನ ತೂಕ ಅದೇ, ಪರಮಾಣುಗಳೂ ಅವೇ, ಒಂದು ಗುಂಪು ಕೂತ ಜಾಗ ಮಾತ್ರ ಬೇರೆ. ಗಂಧಕದ ಪಕ್ಕ ನೂಕುನುಗ್ಗಲು ಹೆಚ್ಚಾದಷ್ಟೂ ಒಂದರ ಪಕ್ಕ ಒಂದು ಒತ್ತಾಗಿ ಕೂರಲು ಆಗುವುದಿಲ್ಲ. ಆಗ ಹೆಚ್ಚು ಬಾಗಿದ ಮೈ, ಅಂದರೆ ಚಿಕ್ಕ ಗೊಂಚಲು, ಅವುಗಳಿಗೆ ಅನುಕೂಲ.

ಆಗಲೇ ತಯಾರಾದ ಗೊಂಚಲೂ ಹೊಸ ಲಿಗ್ಯಾಂಡಿನ ಎದುರು ಮೈ ಬದಲಿಸುತ್ತದೆ. ಟರ್ಶಿಯರಿ ಬ್ಯುಟೈಲ್ ಬೆಂಜೀನ್ ಥಯಾಲ್ ಎಂಬ ದಪ್ಪ ತಲೆಯ ಅಣುವನ್ನು ಧಾರಾಳವಾಗಿ ಹಾಕಿ ಬಿಸಿ ಮಾಡಿದರೆ 38ರದ್ದು 36 ಆಗುತ್ತದೆ. 25ರದ್ದು 28 ಆಗುತ್ತದೆ. 144ರದ್ದು 133ಕ್ಕೆ ಇಳಿಯುತ್ತದೆ. ಒಂದು ಕಡೆ ಇಳಿಕೆ, ಇನ್ನೊಂದು ಕಡೆ ಏರಿಕೆ. ಬಟ್ಟೆ ಬದಲಿಸಿದ್ದಕ್ಕೆ ಮೂಳೆಗಳ ಎಣಿಕೆಯೇ ಬದಲಾದಂತೆ.

ಇಲ್ಲಿಗೆ 'ಸ್ಥಿರ' ಎಂಬ ಮಾತಿಗೆ ಬರೋಣ. ಈ ಕ್ಷೇತ್ರದ ಬರಹಗಳಲ್ಲಿ 'ಬಹಳ ಸ್ಥಿರವಾದ ಗೊಂಚಲು' ಎಂಬ ಸಾಲು ಕಂಡಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಯಾವುದರ ಎದುರು? ಬಿಸಿಯ ಎದುರೋ, ಗಾಳಿಯ ಎದುರೋ, ಬೇರೆ ಥಯಾಲಿನ ಎದುರೋ? ಒಂದರ ಎದುರು ಬಂಡೆಯಂತೆ ನಿಂತದ್ದು ಇನ್ನೊಂದರ ಎದುರು ಬೆಣ್ಣೆ.

ಫಾಸ್ಫೀನನ್ನೇ ತೆಗೆದುಕೊಳ್ಳಿ. 1981ರಲ್ಲಿ ಗುಂಟರ್ ಶ್ಮಿಡ್ ತಂಡ ಪ್ರಕಟಿಸಿದ 55 ಚಿನ್ನದ ಗೊಂಚಲಿನ ಸುತ್ತ ಇದ್ದದ್ದು ಟ್ರೈಫಿನೈಲ್ ಫಾಸ್ಫೀನ್. ಪುಡಿಯಾಗಿ ಇಟ್ಟರೆ ಇರುತ್ತದೆ. ದ್ರಾವಣಕ್ಕೆ ಹಾಕಿದರೆ ಕೋಣೆಯ ಉಷ್ಣತೆಯಲ್ಲೇ ಕೆಡತೊಡಗುತ್ತದೆ. ರಂಜಕದ ಹಿಡಿತ ಸಡಿಲ. ಆದರೆ ಈ ಸಡಿಲತನ ಪೂರ್ತಿ ದೋಷವೇನಲ್ಲ. ಫಾಸ್ಫೀನ್ ಗೊಂಚಲು ತಯಾರಿಸಿ, ಆಮೇಲೆ ಥಯಾಲ್ ಹಾಕಿ ಬೇರೆ ಗೊಂಚಲಾಗಿ ಪರಿವರ್ತಿಸುವುದು ಒಂದು ರೂಢಿಯ ದಾರಿ.

ಥಯೋಲೇಟ್ ಗೊಂಚಲಿನ ಬಲ ಗಂಧಕ-ಚಿನ್ನದ ಬಂಧದಲ್ಲಿದೆ. ಅದರ ದೌರ್ಬಲ್ಯವೂ ಗಂಧಕವೇ. ಆಮ್ಲಜನಕ ಅಥವಾ ಪೆರಾಕ್ಸೈಡ್ ಎದುರಾದರೆ ಎರಡು ಥಯೋಲೇಟುಗಳು ಪರಸ್ಪರ ಕೈ ಹಿಡಿದು ಡೈಸಲ್ಫೈಡ್ ಆಗಿ ಕಳಚಿಕೊಳ್ಳಬಹುದು. 200 ಡಿಗ್ರಿ ಆಸುಪಾಸಿನಲ್ಲಿ ಬಿಸಿಗೂ ಕಳಚಿಕೊಳ್ಳುತ್ತವೆ. ಬೇರೆ ಥಯಾಲ್ ಬಂದರೆ ಜಾಗ ಬಿಟ್ಟುಕೊಡುತ್ತವೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. 102ರ ಗೊಂಚಲಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಅದಲುಬದಲು ನಡೆಯಲು ಬಿಟ್ಟು ಹರಳು ಮಾಡಿ ನೋಡಿದಾಗ, 44 ಜಾಗಗಳಲ್ಲಿ ಕೆಲವೇ ಕೆಲವು ಬದಲಾಗಿದ್ದವು. ಚಿನ್ನ ಹೊರಗಿನ ದ್ರಾವಣಕ್ಕೆ ತೆರೆದುಕೊಂಡಿದ್ದ ಕಡೆಯೇ ಹೊಸಬರು ನುಗ್ಗಿದ್ದರು. ಕೋಟೆ ಬೀಳುವುದು ಅದರ ಸಡಿಲ ಬಾಗಿಲಲ್ಲಿ.

ಎರಡು ಗೊಂಚಲುಗಳನ್ನು ಒಂದೇ ದ್ರಾವಣದಲ್ಲಿ ಬೆರೆಸಿದರೂ ಸುಮ್ಮನಿರುವುದಿಲ್ಲ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ 2016ರಲ್ಲಿ ಚಿನ್ನದ 25 ಮತ್ತು ಬೆಳ್ಳಿಯ 25ರ ಗೊಂಚಲುಗಳನ್ನು ಬೆರೆಸಿತು. ಲೋಹದ ಪರಮಾಣುಗಳೇ ಅಲ್ಲಿಂದಿಲ್ಲಿಗೆ ಹೋದವು, ಒಟ್ಟು ಆಕಾರ ಮಾತ್ರ ಉಳಿಯಿತು.

ಗಂಧಕವೂ ಬೇಡ, ರಂಜಕವೂ ಬೇಡ, ನೇರ ಇಂಗಾಲದಿಂದಲೇ ಚಿನ್ನವನ್ನು ಹಿಡಿಸೋಣ ಎನ್ನುವ ಪ್ರಯತ್ನ ಈಚಿನದು. ಒಂದು ದಾರಿ ಆಲ್ಕೈನೈಲ್ ಲಿಗ್ಯಾಂಡ್. ಇದನ್ನು ಥಯೋಲೇಟಿಗೆ ಪಕ್ಕದಲ್ಲಿಟ್ಟು ಹೋಲಿಸಲು ಒಳ್ಳೆಯ ಅವಕಾಶವೂ ಇದೆ. 36 ಚಿನ್ನ, 24 ಲಿಗ್ಯಾಂಡ್ ಎಂಬ ಲೆಕ್ಕ ಎರಡು ಬಗೆಯಲ್ಲೂ ಸಿಗುತ್ತದೆ. ಇನ್ನೊಂದು ದಾರಿ ಎನ್-ಹೆಟೆರೋಸೈಕ್ಲಿಕ್ ಕಾರ್ಬೀನ್. ಕ್ಯಾಥ್ಲೀನ್ ಕ್ರಡೆನ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಚಿನ್ನದ ಸಮತಟ್ಟು ಮೈ ಮೇಲೆ ಕೂರಿಸಿ, ಬಿಸಿಗೂ ಪೆರಾಕ್ಸೈಡಿಗೂ ಜಗ್ಗದಂತೆ ಮಾಡಿದರು. 2019ರಲ್ಲಿ 11 ಚಿನ್ನದ ಗೊಂಚಲಿಗೂ ಇದನ್ನು ತಂದರು. ಇಲ್ಲಿ ನನ್ನ ಅನಿಸಿಕೆ ಹೇಳಿಬಿಡುತ್ತೇನೆ: ಮುಂದಿನ ದಿನಗಳ ಗಟ್ಟಿ ಗೊಂಚಲು ಈ ಕಡೆಯಿಂದ ಬರುವ ಸಂಭವ ಜಾಸ್ತಿ. ಆದರೆ ಕಾರ್ಬೀನ್ ತಯಾರಿಸುವುದು ಥಯಾಲಿನ ಬಾಟಲಿ ತೆರೆದಷ್ಟು ಸುಲಭ ಅಲ್ಲ. ಅದೇ ಕಾರಣಕ್ಕೆ ಥಯಾಲ್ ಇಷ್ಟು ಬೇಗ ಮೂಲೆ ಸೇರುವುದಿಲ್ಲ.

ಸುಲಭದ ಮಾತು ಬಂದಾಗ ಪ್ರೋಟೀನಿನ ಕಥೆ ಹೇಳಲೇಬೇಕು. 2009ರಲ್ಲಿ ಶಿಯೆ, ಜೆಂಗ್ ಮತ್ತು ಜಾಕಿ ಯಿಂಗ್ ಒಂದು ವಿಧಾನ ಬರೆದರು. ಹಸುವಿನ ರಕ್ತದ ಆಲ್ಬುಮಿನ್, ಚಿನ್ನದ ಉಪ್ಪು, ಪಿಎಚ್ 12ರ ತನಕ ಕ್ಷಾರ, 37 ಡಿಗ್ರಿ ಬೆಚ್ಚಗೆ. ಪ್ರೋಟೀನಿನ ಟೈರೋಸಿನ್ ಚಿನ್ನವನ್ನು ಅಪಕರ್ಷಿಸುತ್ತದೆ, ಸಿಸ್ಟೀನಿನ ಗಂಧಕ ಹಿಡಿದುಕೊಳ್ಳುತ್ತದೆ. ಅತಿನೇರಳೆ ದೀಪದ ಕೆಳಗೆ ಹಿಡಿದರೆ ಕೆಂಪಗೆ ಹೊಳೆಯುತ್ತದೆ. ಯಾರು ಬೇಕಾದರೂ ಮಾಡಬಹುದು, ಹಾಗಾಗಿ ಸಾಕಷ್ಟು ಜನ ಮಾಡಿದರು. ಒಳಗಿರುವುದು 25 ಚಿನ್ನ ಅಂತ ಅಂದಾಜು. ಆದರೆ ಹರಳು ಬಿಡಿಸಿ ನೋಡಿದ 25ಕ್ಕೂ ಈ 25ಕ್ಕೂ ಒಂದೇ ಮರ್ಯಾದೆ ಕೊಡುವುದು ತಪ್ಪು. ಒಂದನ್ನು ಎಣಿಸಿದ್ದಾರೆ, ಇನ್ನೊಂದನ್ನು ತೂಕದಿಂದ ಊಹಿಸಿದ್ದಾರೆ. ತೂಕ ಹೇಗೆ ದಾರಿ ತಪ್ಪಿಸುತ್ತದೆ ಅಂತ ಮೇಲೆ ನೋಡಿದೆವಲ್ಲ.

ಹೊಳಪಿನಲ್ಲೂ ಲಿಗ್ಯಾಂಡಿನ ಪಾತ್ರವೇ ದೊಡ್ಡದು. 22 ಚಿನ್ನ, 18 ಗ್ಲುಟಥಯೋನ್ ಇರುವ ಗೊಂಚಲು ಸಾಮಾನ್ಯವಾಗಿ ಹೀರಿದ ಬೆಳಕಿನಲ್ಲಿ ಶೇ 8ರಷ್ಟನ್ನು ವಾಪಸ್ ಕೊಡುತ್ತದೆ. ಉಳಿದದ್ದು ಲಿಗ್ಯಾಂಡುಗಳ ಅಲುಗಾಟದಲ್ಲಿ ಶಾಖವಾಗಿ ಸೋರಿಹೋಗುತ್ತದೆ. 2015ರಲ್ಲಿ ಒಂದು ತಂಡ ದಪ್ಪನೆಯ ಅಮೋನಿಯಂ ಅಯಾನುಗಳನ್ನು ಸುತ್ತ ಜೋಡಿಸಿ ಗ್ಲುಟಥಯೋನುಗಳನ್ನು ಅಲುಗಾಡದಂತೆ ಬಿಗಿದಾಗ ಅದೇ ಗೊಂಚಲು ಶೇ 60 ದಾಟಿತು. ಚಿನ್ನವನ್ನು ಮುಟ್ಟಲೇ ಇಲ್ಲ.

ವೇಗವರ್ಧಕವಾಗಿ ಬಳಸುವವರಿಗೆ ಮಾತ್ರ ಈ ಕಾವಲೇ ಕಾಟ. ಅನಿಲದ ಅಣು ಬಂದು ಚಿನ್ನವನ್ನು ಮುಟ್ಟಬೇಕು, ಆದರೆ ಬಾಗಿಲಿಗೆಲ್ಲ ಲಿಗ್ಯಾಂಡ್. ಬಿಸಿ ಮಾಡಿ ಅವನ್ನು ಓಡಿಸಿದರೆ ಕೆಲಸ ಶುರುವಾಗುತ್ತದೆ, ಆದರೆ ಕಾವಲು ಹೋದ ಗೊಂಚಲುಗಳು ಒಂದಾಗಿ ಬೆಳೆಯುವ ಅಪಾಯವೂ ಶುರುವಾಗುತ್ತದೆ. ಅಷ್ಟು ಕಷ್ಟಪಟ್ಟು ಎಣಿಸಿ ಕಟ್ಟಿದ್ದು ಏನಾಯಿತು? ಇದಕ್ಕೊಂದು ಜಾಣ ಉತ್ತರ 2014ರಲ್ಲಿ ಬಂತು. ಎರಡು ಕೈಗಳ ಫಾಸ್ಫೀನ್ ಆರೇ ಆರು ಬಳಸಿ ಕಟ್ಟಿದ 22 ಚಿನ್ನದ ಗೊಂಚಲು. ಅದರಲ್ಲಿ ಎಂಟು ಪರಮಾಣುಗಳ ಮೇಲೆ ಹುಟ್ಟಿದಾಗಿನಿಂದಲೇ ಯಾವ ಲಿಗ್ಯಾಂಡೂ ಇಲ್ಲ. ಮುಂದೆ ಇದನ್ನು ಆಕ್ಸೈಡಿನ ಮೇಲೆ ಕೂರಿಸಿದಾಗ, ಲಿಗ್ಯಾಂಡ್ ಕಳಚುವ ಗೋಜಿಲ್ಲದೆಯೇ ಕಾರ್ಬನ್ ಮೊನಾಕ್ಸೈಡನ್ನು ಉತ್ಕರ್ಷಿಸಿತು.

ಕೊನೆಗೆ ದೇಹದ ಒಳಗಿನ ಮಾತು. ಔಷಧಿಗೆ, ರೋಗಪತ್ತೆಗೆ ಗೊಂಚಲು ಬೇಕು ಅನ್ನುವವರು ಬಾಟಲಿಯಲ್ಲಿ ಆರು ತಿಂಗಳು ಇತ್ತು ಅಂತ ಸಮಾಧಾನಪಟ್ಟರೆ ಸಾಲದು. ಜೀವಕೋಶದಲ್ಲಿ ಗ್ಲುಟಥಯೋನ್ 1ರಿಂದ 10 ಮಿಲಿಮೋಲಾರ್ ಮಟ್ಟದಲ್ಲಿ ಇರುತ್ತದೆ. ಅದೂ ಥಯಾಲೇ. ಸಡಿಲ ಲಿಗ್ಯಾಂಡ್ ಹೊತ್ತು ಒಳಗೆ ಹೋದ ಗೊಂಚಲು ಅಲ್ಲಿ ಬೇರೆಯೇ ವೇಷ ತೊಡಬಹುದು. ಗಾತ್ರ ಚಿಕ್ಕದಿದ್ದರೆ ಸಾಕು, ಮೂತ್ರದಲ್ಲಿ ಹೋಗಿಬಿಡುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಸಲ್ಫೊನೇಟ್ ಇರುವ ಫಾಸ್ಫೀನ್ ಸುತ್ತಿದ 1.4 ನ್ಯಾನೋಮೀಟರ್ ಕಣಗಳನ್ನು ಹೆಗ್ಗಣಗಳಿಗೆ ಕೊಟ್ಟಾಗ ದೊಡ್ಡ ಪಾಲು ಯಕೃತ್ತಿನಲ್ಲಿ ಉಳಿಯಿತು. ಗ್ಲುಟಥಯೋನ್ ಸುತ್ತಿದ 2 ನ್ಯಾನೋಮೀಟರ್ ಆಸುಪಾಸಿನ ಕಣಗಳು ಇಲಿಗಳಲ್ಲಿ ಹೆಚ್ಚಾಗಿ ಮೂತ್ರದ ದಾರಿ ಹಿಡಿದವು. ಚಿಕ್ಕದು ಉಳಿಯಿತು, ದೊಡ್ಡದು ಹೋಯಿತು.

2017ರಲ್ಲಿ ಜೀ ಜೆಂಗ್ ತಂಡ ಇನ್ನೂ ಒಂದು ಹೆಜ್ಜೆ ಹೋಗಿ, ಲಿಗ್ಯಾಂಡನ್ನು ಗ್ಲುಟಥಯೋನಿಗೇ ಕಟ್ಟಿಹಾಕಿ ಚಿನ್ನದ ಎಣಿಕೆ ಮಾತ್ರ ಬದಲಿಸಿತು. 25ಕ್ಕಿಂತ 18, 18ಕ್ಕಿಂತ 15 ಬೇಗ ಸೋಸಿಹೋಗಬೇಕಿತ್ತು. ಆದದ್ದು ಉಲ್ಟಾ. ಮೂತ್ರಪಿಂಡದ ಸೋಸುವ ಗೋಡೆಯ ಒಳಮೈಯಲ್ಲಿ ಸಕ್ಕರೆ ಅಣುಗಳ ಒಂದು ಪೊದೆ ಇದೆ. ಚಿಕ್ಕ ಗೊಂಚಲುಗಳು ಆ ಪೊದೆಯಲ್ಲಿ ಸಿಕ್ಕಿಕೊಂಡವು. 18ರದ್ದು ಇನ್ನೂ ಅಲ್ಲೇ ತಡಕಾಡುತ್ತಿದ್ದಾಗ 25ರದ್ದು ಅದನ್ನು ದಾಟಿ ಹೊರಗೆ ಹೋಗಿತ್ತು.